ಗಣಕದ ದಿನಚರಿಗೆ ರೇಖೆಯ ರೂಪ: ‘ಸಾರ್’ ದತ್ತಾಂಶದಿಂದ ಗ್ರಾಫ್ ರಚಿಸುವ ಬಗೆ

ಬೆಂಗಳೂರು: ರಾಜಾಜಿನಗರ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯಿರಲಿ, ಬಸವೇಶ್ವರನಗರದ ಲೆಕ್ಕಪರಿಶೋಧಕರ ಕಚೇರಿಯಿರಲಿ, ವಿಜಯನಗರದ ಡಿಟಿಪಿ ಕೇಂದ್ರವಿರಲಿ, ಕೆಂಗೇರಿ ಆಸುಪಾಸಿನ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯವಿರಲಿ, ಎಲ್ಲೆಡೆ ಕೇಳಿಬರುವ ದೂರು ಒಂದೇ: ‘ಸರ್ವರ್ ನಿಧಾನವಾಗಿದೆ.’ ಈ ದೂರಿಗೆ ಸಾಮಾನ್ಯವಾಗಿ ದೊರೆಯುವ ಪರಿಹಾರವೂ ಒಂದೇ. ಮೆಮೊರಿ ಹೆಚ್ಚಿಸಿ, ಇಲ್ಲವೇ ಹೊಸ ಯಂತ್ರ ಕೊಳ್ಳಿ. ಯಂತ್ರ ಯಾವ ಹೊತ್ತಿನಲ್ಲಿ, ಯಾವ ಭಾಗದಲ್ಲಿ ಏದುಸಿರು ಬಿಡುತ್ತಿತ್ತು ಎಂಬುದನ್ನು ಯಾರೂ ನೋಡಿರುವುದಿಲ್ಲ. ತಂತ್ರಜ್ಞರು ಬಂದು ಪರೀಕ್ಷಿಸುವ ವೇಳೆಗೆ ಅದು ಏನೂ ಆಗದಂತೆ ಸರಾಗವಾಗಿ ನಡೆಯುತ್ತಿರುತ್ತದೆ.

ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಈ ತೊಡಕಿಗೆ ಹಳೆಯ, ಖರ್ಚಿಲ್ಲದ ಉಪಾಯವೊಂದಿದೆ. ಯಂತ್ರವೇ ತನ್ನ ದಿನಚರಿಯನ್ನು ಹತ್ತು ನಿಮಿಷಕ್ಕೊಮ್ಮೆ ಬರೆದಿಟ್ಟುಕೊಳ್ಳುವಂತೆ ಮಾಡಿ, ಬಳಿಕ ಆ ಅಂಕಿಗಳನ್ನು ರೇಖೆಯಾಗಿ ಎಳೆದು ನೋಡುವುದು. ಇದಕ್ಕೆ ಮೌಸ್ ಬೇಡ, ಕಿಟಕಿ, ಗುಂಡಿಗಳಿರುವ ತಂತ್ರಾಂಶವೂ ಬೇಡ. ಆಜ್ಞೆಗಳನ್ನು ಟೈಪಿಸುವ ಕಪ್ಪು ಪರದೆಯೊಂದಿದ್ದರೆ ಸಾಕು.

ಏನಿದು ‘ಸಾರ್’?

‘ಸಾರ್’ ಎಂಬುದು ‘ಸಿಸ್ಟಂ ಆಕ್ಟಿವಿಟಿ ರಿಪೋರ್ಟರ್’ ಎಂಬುದರ ಹ್ರಸ್ವರೂಪ. ಎಟಿ ಅಂಡ್ ಟಿ ಸಂಸ್ಥೆಯ ಯುನಿಕ್ಸ್ ಸಿಸ್ಟಂ ಫೈವ್‌ನಲ್ಲಿ, ಅಂದರೆ 1980ರ ದಶಕದಲ್ಲೇ ಬಳಕೆಯಲ್ಲಿದ್ದ ಆಜ್ಞೆಯಿದು. ಸೋಲಾರಿಸ್, ಎಐಎಕ್ಸ್, ಎಚ್‌ಪಿ-ಯುಎಕ್ಸ್ ಮುಂತಾದ ವಾಣಿಜ್ಯ ಯುನಿಕ್ಸ್‌ಗಳಲ್ಲೂ ಇದು ಮುಂದುವರಿಯಿತು. ಲಿನಕ್ಸ್‌ಗಾಗಿ ಇದನ್ನು ಹೊಸದಾಗಿ ಬರೆದವರು ಫ್ರಾನ್ಸ್‌ನ ಸೆಬಾಸ್ಟಿಯನ್ ಗೊಡಾರ್. 1990ರ ದಶಕದ ಕೊನೆಯಲ್ಲಿ ಅವರು ಆರಂಭಿಸಿದ ‘ಸಿಸ್‌ಸ್ಟ್ಯಾಟ್’ ಎಂಬ ತಂತ್ರಾಂಶ ಕಟ್ಟಿನಲ್ಲಿ ಸಾರ್ ಜೊತೆಗೆ ‘ಐಒಸ್ಟ್ಯಾಟ್’, ‘ಎಂಪಿಸ್ಟ್ಯಾಟ್’, ‘ಪಿಡ್‌ಸ್ಟ್ಯಾಟ್’, ‘ಸ್ಯಾಡ್‌ಎಫ್’ ಮೊದಲಾದ ಸಹೋದರ ಆಜ್ಞೆಗಳೂ ಸೇರಿವೆ. ಇದು ಮುಕ್ತ ತಂತ್ರಾಂಶ. ಲಿನಕ್ಸ್‌ನ ಹೆಚ್ಚುಕಡಿಮೆ ಎಲ್ಲ ಪ್ರಮುಖ ವಿತರಣೆಗಳಲ್ಲೂ ಉಚಿತವಾಗಿ ಲಭ್ಯ.

ಬೆಂಗಳೂರಿಗೆ ಈ ಬಗೆಯ ಉಪಕರಣಗಳು ಹೊಸತಲ್ಲ. 2001ರಲ್ಲಿ ಆರಂಭವಾದ ‘ಲಿನಕ್ಸ್ ಬ್ಯಾಂಗಲೋರ್’ ಸಮ್ಮೇಳನ 2005ರಲ್ಲಿ ‘ಫಾಸ್ ಡಾಟ್ ಇನ್’ ಎಂಬ ಹೆಸರು ಪಡೆದು, ಮುಕ್ತ ತಂತ್ರಾಂಶದ ದೇಶದ ದೊಡ್ಡ ಕೂಟಗಳಲ್ಲಿ ಒಂದಾಗಿತ್ತು. ಅದರ ಹಿಂದಿದ್ದ ಅತುಲ್ ಚಿಟ್ನಿಸ್ 2013ರಲ್ಲಿ ನಿಧನರಾದರು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಕಂಪ್ಯೂಟರ್ ಸೈನ್ಸ್ ವಿಭಾಗಕ್ಕೆ ‘ಯುನಿಕ್ಸ್ ಮತ್ತು ಶೆಲ್ ಪ್ರೋಗ್ರಾಮಿಂಗ್’ ವಿಷಯವನ್ನು ವರ್ಷಗಟ್ಟಲೆ ಪಠ್ಯವಾಗಿಸಿದ್ದರಿಂದ, ಮೈಸೂರು ರಸ್ತೆ, ಮಲ್ಲತ್ತಹಳ್ಳಿ, ಕೆಂಗೇರಿ-ಉತ್ತರಹಳ್ಳಿ ರಸ್ತೆಯ ಕಾಲೇಜುಗಳಿಂದ ಹೊರಬಂದ ಸಹಸ್ರಾರು ಪದವೀಧರರಿಗೆ ಕಪ್ಪು ಪರದೆಯ ಪರಿಚಯವಂತೂ ಇದ್ದೇ ಇದೆ. ಪರೀಕ್ಷೆ ಮುಗಿದ ಬಳಿಕ ಅದನ್ನು ಮರೆತವರೇ ಹೆಚ್ಚು ಎಂಬುದು ಬೇರೆ ಮಾತು.

ಮೊದಲು ದಾಖಲೆ, ಆಮೇಲೆ ರೇಖೆ

ಸಾರ್ ಬಗೆಗಿನ ಅತಿ ಮುಖ್ಯ ಸಂಗತಿ ಇದು: ದಾಖಲೆ ಇಡುವ ವ್ಯವಸ್ಥೆಯನ್ನು ತೊಂದರೆ ಬರುವ ಮೊದಲೇ ಚಾಲನೆ ಮಾಡಿರಬೇಕು. ನಿನ್ನೆ ಏನಾಯಿತು ಎಂದು ಇಂದು ಸ್ಥಾಪಿಸಿದ ಸಾರ್ ಹೇಳಲಾರದು.

ದಾಖಲಿಸುವ ಕೆಲಸ ಸಾರ್‌ನದಲ್ಲ, ‘ಸ್ಯಾಡ್‌ಸಿ’ ಎಂಬ ಸಂಗ್ರಾಹಕನದು. ಲಿನಕ್ಸ್‌ನ ಹೃದಯಭಾಗವಾದ ಕರ್ನೆಲ್ ಇಟ್ಟುಕೊಂಡಿರುವ ಎಣಿಕೆಗಳನ್ನು ಇದು ನಿಗದಿತ ಅವಧಿಗೊಮ್ಮೆ ಓದಿ ಕಡತಕ್ಕೆ ಸೇರಿಸುತ್ತದೆ. ಹಿಂದೆ ಇದನ್ನು ಎಬ್ಬಿಸುತ್ತಿದ್ದುದು ‘ಕ್ರಾನ್’ ಎಂಬ ಸಮಯಪಾಲಕ. ಈಚಿನ ವಿತರಣೆಗಳಲ್ಲಿ ‘ಸಿಸ್ಟಂಡಿ’ಯ ಟೈಮರ್ ಆ ಹೊಣೆ ಹೊತ್ತಿದೆ. ಬದಲಾಯಿಸದಿದ್ದರೆ ಅವಧಿ ಹತ್ತು ನಿಮಿಷ. ಹೀಗೆ ದಿನಕ್ಕೆ 144 ದಾಖಲೆಗಳು. ಕಡತದ ಗಾತ್ರ ಚಿಕ್ಕದು, ಯಂತ್ರದ ಮೇಲೆ ಬೀಳುವ ಹೊರೆ ನಗಣ್ಯ.

ರೆಡ್ ಹ್ಯಾಟ್ ಕುಟುಂಬದ ವಿತರಣೆಗಳಲ್ಲಿ ಸಿಸ್‌ಸ್ಟ್ಯಾಟ್ ಸ್ಥಾಪಿಸಿದ ಮೇಲೆ ಆ ಸೇವೆಯನ್ನು ಸಕ್ರಿಯಗೊಳಿಸಿದರಾಯಿತು. ಡೆಬಿಯನ್‌ನಲ್ಲಿ ಮಾತ್ರ ಒಂದು ಎಡವುಗಲ್ಲಿದೆ. ತಂತ್ರಾಂಶ ಸ್ಥಾಪನೆಯಾದರೂ ಅದರ ಸಂಯೋಜನಾ ಕಡತದಲ್ಲಿ ‘ಎನೇಬಲ್ಡ್’ ಎಂಬುದರ ಮುಂದೆ ‘ಫಾಲ್ಸ್’ ಎಂದಿರುವುದುಂಟು. ಅದನ್ನು ‘ಟ್ರೂ’ ಎಂದು ತಿದ್ದುವವರೆಗೆ ಒಂದು ಸಾಲೂ ದಾಖಲಾಗುವುದಿಲ್ಲ. ‘ಸ್ಥಾಪಿಸಿ ಮೂರು ತಿಂಗಳಾಯಿತು, ಏನೂ ಕಾಣುತ್ತಿಲ್ಲ’ ಎನ್ನುವವರು ಮೊದಲು ನೋಡಬೇಕಾದುದು ಇದನ್ನೇ.

ಕಡತಗಳಿಗೆ ತಿಂಗಳ ತಾರೀಖಿನ ಹೆಸರಿರುತ್ತದೆ. 20ನೇ ತಾರೀಖಿನ ದಾಖಲೆ ‘ಎಸ್‌ಎ20’. ಇಲ್ಲಿ ತಿಂಗಳು, ವರ್ಷ ಇಲ್ಲವೆಂಬುದನ್ನು ಗಮನಿಸಿ. ಮುಂದಿನ ತಿಂಗಳ 20 ಬಂದಾಗ ಹಳೆಯ ಎಸ್‌ಎ20 ಇದ್ದರೂ ಉಳಿಯುವುದಿಲ್ಲ, ಅದರ ಮೇಲೆಯೇ ಹೊಸದು ಬರೆಯಲ್ಪಡುತ್ತದೆ. ಎಷ್ಟು ದಿನದ ದಾಖಲೆ ಉಳಿಸಬೇಕೆಂಬುದನ್ನು ‘ಹಿಸ್ಟರಿ’ ಎಂಬ ಮೌಲ್ಯ ನಿರ್ಧರಿಸುತ್ತದೆ. 28 ದಿನಕ್ಕಿಂತ ಹೆಚ್ಚು ಬೇಕಾದರೆ ಸ್ಯಾಡ್‌ಸಿಗೆ ದೊಡ್ಡಕ್ಷರದ ‘ಡಿ’ ಎಂಬ ಆಯ್ಕೆ ಕೊಡಬೇಕು. ಆಗ ಕಡತದ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಮೂರೂ ಸೇರುತ್ತವೆ. ತಿಂಗಳಿಗೊಮ್ಮೆ ಮಾತ್ರ ಕಾಣಿಸಿಕೊಳ್ಳುವ ತೊಂದರೆಯ ಬೆನ್ನು ಹತ್ತಿದವರಿಗೆ ಇದು ಅನಿವಾರ್ಯ.

ಒಂದು ಕಚೇರಿ, ಒಂದು ಸರ್ವರ್

ವಿಷಯ ಸ್ಪಷ್ಟವಾಗಲು ಬಸವೇಶ್ವರನಗರದಲ್ಲಿ ಲೆಕ್ಕಪರಿಶೋಧಕರ ಕಚೇರಿಯೊಂದಿದೆ ಎಂದು ಕಲ್ಪಿಸಿಕೊಳ್ಳೋಣ. ಎಂಟು ಜನ ಸಿಬ್ಬಂದಿ. ಮೂಲೆಯಲ್ಲಿ ಎರಡು ಕೋರ್‌ಗಳ ಹಳೆಯ ಯಂತ್ರ; ಅದರಲ್ಲಿ ಲಿನಕ್ಸ್. ಗ್ರಾಹಕರ ಲೆಕ್ಕಪತ್ರದ ಕಡತಗಳೆಲ್ಲ ಅದರಲ್ಲಿವೆ. ಮೇಜುಗಳ ಮೇಲಿನ ವಿಂಡೋಸ್ ಗಣಕಗಳು ‘ಸಾಂಬಾ’ ಮೂಲಕ ಅವನ್ನು ತೆರೆಯುತ್ತವೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಬಳಿಕ ಇಂಥ ಕಚೇರಿಗಳಲ್ಲಿ ತಿಂಗಳ 20ನೇ ತಾರೀಖಿಗೆ ವಿಶೇಷ ಮಹತ್ವ ಬಂದಿದೆ. ತಿಂಗಳಿಗೊಮ್ಮೆ ಸಲ್ಲಿಸುವ ಜಿಎಸ್‌ಟಿಆರ್-3ಬಿ ವಿವರಪಟ್ಟಿಗೆ ಸಾಮಾನ್ಯವಾಗಿ ಅಂದೇ ಕೊನೆಯ ದಿನ. ತಡವಾದರೆ ಗ್ರಾಹಕರು ದಂಡ ತೆರಬೇಕು.

20ರಂದು ಬೆಳಿಗ್ಗೆ 11ರ ಸುಮಾರಿಗೆ ಎಲ್ಲವೂ ಸ್ಥಗಿತಗೊಂಡಂತಾಗುತ್ತದೆ. ಸರ್ಕಾರಿ ಜಾಲತಾಣ ನಿಧಾನವೇ, ಅಂತರ್ಜಾಲ ಸಂಪರ್ಕ ನಿಧಾನವೇ, ಮೂಲೆಯ ಸರ್ವರ್ ನಿಧಾನವೇ? ಎಂಟು ಜನರಲ್ಲಿ ಎಂಟು ಅಭಿಪ್ರಾಯ. ಮಧ್ಯಾಹ್ನದ ಹೊತ್ತಿಗೆ ಬಂದ ಮಾರಾಟಗಾರ ಯಂತ್ರವನ್ನು ನೋಡಿ, ‘ಮೆಮೊರಿ ಶೇ 96 ತುಂಬಿದೆ, ಬದಲಿಸಲೇಬೇಕು’ ಎನ್ನುತ್ತಾನೆ. ಅದೃಷ್ಟವಶಾತ್ ಈ ಯಂತ್ರದಲ್ಲಿ ಸಾರ್ ಚಾಲನೆಯಲ್ಲಿದೆ.

ಮೊದಲ ಹೆಜ್ಜೆಯಾಗಿ ಅಂಕಿಗಳನ್ನು ನೋಡುವುದು. (ಆಜ್ಞೆಗಳನ್ನು ಇಲ್ಲಿ ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಬರೆಯಲಾಗಿದೆ. ಗಣಕದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಬೇರೆ ಸೂಚನೆ ಇಲ್ಲದಿದ್ದರೆ ಚಿಕ್ಕಕ್ಷರಗಳಲ್ಲಿ ಟೈಪಿಸಬೇಕು.) ‘ಸಾರ್ -ಯು’ ಎಂದರೆ ಸಿಪಿಯು ಬಳಕೆ, ‘-ಆರ್’ ಎಂದರೆ ಮೆಮೊರಿ, ‘-ಡಿ’ ಎಂದರೆ ಡಿಸ್ಕ್, ‘-ಕ್ಯು’ ಎಂದರೆ ಸರದಿ ಮತ್ತು ಲೋಡ್ ಸರಾಸರಿ, ‘-ಎನ್ ಡೆವ್’ ಎಂದರೆ ಜಾಲ ಸಂಪರ್ಕ (ಇಲ್ಲಿ ‘ಡೆವ್’ ದೊಡ್ಡಕ್ಷರಗಳಲ್ಲಿ). ‘-ಎಫ್’ ಕೊಟ್ಟು ಕಡತದ ಹೆಸರು ಬರೆದರೆ ಹಿಂದಿನ ದಿನದ ದಾಖಲೆ ತೆರೆಯುತ್ತದೆ. ‘-ಎಸ್’ ಮತ್ತು ‘-ಇ’ಗಳಿಂದ ಆರಂಭದ ಹಾಗೂ ಅಂತ್ಯದ ವೇಳೆಯನ್ನು ಮಿತಿಗೊಳಿಸಬಹುದು.

ಸಿಪಿಯು ವರದಿಯ ಪ್ರತಿ ಸಾಲಿನಲ್ಲೂ ಆರು ಶೇಕಡಾವಾರು ಅಂಕಿಗಳು: ಬಳಕೆದಾರರ ಕೆಲಸ, ‘ನೈಸ್’ ಅಂದರೆ ಕಡಿಮೆ ಆದ್ಯತೆಯ ಕೆಲಸ, ಕರ್ನೆಲ್‌ನ ಕೆಲಸ, ಡಿಸ್ಕ್‌ಗಾಗಿ ಕಾಯುವಿಕೆ, ‘ಸ್ಟೀಲ್’, ಮತ್ತು ಬಿಡುವು. ಸ್ಟೀಲ್ ಎಂಬುದು ಬಾಡಿಗೆಯ ವರ್ಚುವಲ್ ಯಂತ್ರಗಳಿಗೆ ಸಂಬಂಧಿಸಿದ್ದು. ನಮ್ಮ ಪಾಲಿನ ಸಮಯವನ್ನು ಅದೇ ಭೌತಿಕ ಯಂತ್ರದ ನೆರೆಯವರು ಎಷ್ಟು ಕಬಳಿಸಿದರೆಂದು ಅದು ಹೇಳುತ್ತದೆ. ದಿನವೊಂದಕ್ಕೆ ಆರು ಅಂಕಿಗಳ 144 ಸಾಲುಗಳೆಂದರೆ 864 ಸಂಖ್ಯೆಗಳು. ಕೊನೆಯಲ್ಲಿ ‘ಸರಾಸರಿ’ ಎಂಬ ಒಂದು ಸಾಲು. ಬಹುತೇಕರು ನೋಡುವುದು ಆ ಕೊನೆಯ ಸಾಲನ್ನು ಮಾತ್ರ.

ಅದೇ ದೊಡ್ಡ ತಪ್ಪು. ಕಚೇರಿ ಒಂಬತ್ತು ಗಂಟೆ ಕೆಲಸ ಮಾಡುತ್ತದೆ. ಸರಾಸರಿಯಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಸೇರಿರುತ್ತದೆ. ರಾತ್ರಿಯಿಡೀ ಸುಮ್ಮನಿದ್ದ ಯಂತ್ರದ ಬಿಡುವು, ಬೆಳಗಿನ ಐವತ್ತು ನಿಮಿಷದ ಸಂಕಟವನ್ನು ನುಂಗಿಹಾಕುತ್ತದೆ. ನಮ್ಮ ಕಲ್ಪಿತ ಕಚೇರಿಯ 20ನೇ ತಾರೀಖಿನ ಸರಾಸರಿ ‘ಶೇ 80 ಬಿಡುವು’ ಎಂದಿದ್ದರೂ ಅಚ್ಚರಿಯಿಲ್ಲ. ಅದನ್ನು ನಂಬಿದರೆ ಸರ್ವರ್ ನಿರ್ದೋಷಿ. ಸಂಖ್ಯೆಗಳನ್ನು ರೇಖೆಯಾಗಿ ಎಳೆಯಬೇಕಾಗುವುದು ಈ ಕಾರಣಕ್ಕೇ.

ಇದು ಗಣಕಕ್ಕೆ ಮಾತ್ರ ಸೀಮಿತವಾದ ಮಾತಲ್ಲ. ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದ ಹೊರೆ ನಿರ್ವಹಣಾ ಕೇಂದ್ರ ರಾಜ್ಯದ ವಿದ್ಯುತ್ ಬೇಡಿಕೆಯನ್ನು ದಿನವಿಡೀ ರೇಖೆಯಾಗಿ ಎಳೆಯುತ್ತದೆ. ದಿನಕ್ಕೆ ಒಟ್ಟು ಎಷ್ಟು ಯೂನಿಟ್ ಖರ್ಚಾಯಿತು ಎಂಬ ಲೆಕ್ಕ ಬಿಲ್ಲಿಗೆ ಸಾಕು. ಗರಿಷ್ಠ ಬೇಡಿಕೆಯ ಹೊತ್ತಿನಲ್ಲಿ ದೀಪ ಆರದಂತೆ ನೋಡಿಕೊಳ್ಳಲು ಆ ರೇಖೆಯ ಏರಿಳಿತವೇ ಬೇಕು.

ಸಂಖ್ಯೆಯಿಂದ ರೇಖೆಗೆ

ಸಾರ್ ಕೊಡುವ ವರದಿ ಮನುಷ್ಯರು ಓದಲೆಂದು ರೂಪಿಸಿದ್ದು. ಅದನ್ನು ನೇರವಾಗಿ ಕತ್ತರಿಸಿ ಗ್ರಾಫ್‌ಗೆ ಉಣಿಸಹೊರಟವರಿಗೆ ಒಂದು ಕಿರಿಕಿರಿ ಎದುರಾಗುತ್ತದೆ. ಗಣಕದ ಭಾಷಾ ಸಂಯೋಜನೆಗೆ ಅನುಗುಣವಾಗಿ ವೇಳೆ ಕೆಲವೊಮ್ಮೆ 12 ಗಂಟೆಯ ಲೆಕ್ಕದಲ್ಲಿ, ‘ಎಎಂ’, ‘ಪಿಎಂ’ ಸಹಿತ ಬರುತ್ತದೆ. ಆಗ ಪ್ರತಿ ಸಾಲಿನಲ್ಲೂ ಒಂದು ಪದ ಹೆಚ್ಚಾಗಿ ಅಂಕಣಗಳೆಲ್ಲ ಒಂದು ಸ್ಥಾನ ಸರಿಯುತ್ತವೆ. ‘ಆಕ್’ ಬಳಸಿ ಎಂಟನೆಯ ಅಂಕಣ ಎತ್ತಿಕೊಂಡವರ ಕೈಗೆ ಇನ್ನಾವುದೋ ಅಂಕಿ ಸಿಗುತ್ತದೆ. ಗ್ರಾಫ್ ಬರುತ್ತದೆ, ಆದರೆ ತಪ್ಪು ಗ್ರಾಫ್. ಆಜ್ಞೆಯ ಮುಂದೆ ‘ಎಲ್‌ಸಿ ಟೈಮ್’ ಮೌಲ್ಯವನ್ನು ‘ಸಿ’ ಎಂದಿರಿಸಿದರೆ 24 ಗಂಟೆಯ ಲೆಕ್ಕ ಮರಳುತ್ತದೆ.

ಇದಕ್ಕಿಂತ ಉತ್ತಮ ಮಾರ್ಗ ‘ಸ್ಯಾಡ್‌ಎಫ್’. ಸಾರ್‌ನ ಕಡತವನ್ನು ಬೇರೆ ತಂತ್ರಾಂಶಗಳು ಓದಬಲ್ಲ ರೂಪಕ್ಕೆ ತರುವುದೇ ಇದರ ಕೆಲಸ. ‘-ಡಿ’ ಕೊಟ್ಟರೆ ಅರ್ಧವಿರಾಮ ಚಿಹ್ನೆಗಳಿಂದ ಬೇರ್ಪಡಿಸಿದ ಸಾಲುಗಳು, ‘-ಜೆ’ ಕೊಟ್ಟರೆ ಜೇಸನ್, ‘-ಎಕ್ಸ್’ ಕೊಟ್ಟರೆ ಎಕ್ಸ್‌ಎಂಎಲ್. ಒಂದು ವಿಶೇಷವೆಂದರೆ, ಸ್ಯಾಡ್‌ಎಫ್‌ನ ಆಯ್ಕೆಗಳು ಮುಗಿದ ಮೇಲೆ ಎರಡು ಅಡ್ಡಗೆರೆ ಹಾಕಿ, ಅದರ ನಂತರ ಸಾರ್‌ನ ಆಯ್ಕೆ ಬರೆಯಬೇಕು. ಅಂದರೆ ‘ಸ್ಯಾಡ್‌ಎಫ್ -ಡಿ’, ಕಡತದ ಹೆಸರು, ಎರಡು ಅಡ್ಡಗೆರೆ, ಬಳಿಕ ‘-ಯು’. ದೊರೆತದ್ದನ್ನು ಹೊಸ ಕಡತಕ್ಕೆ ತಿರುಗಿಸಿ ಉಳಿಸಿಕೊಂಡರಾಯಿತು.

ಹೀಗೆ ಸಿಕ್ಕ ಸಿಪಿಯು ಕಡತದ ಪ್ರತಿ ಸಾಲಿನಲ್ಲಿ ಮೊದಲನೆಯದು ಯಂತ್ರದ ಹೆಸರು, ಎರಡನೆಯದು ಅವಧಿಯ ಸೆಕೆಂಡುಗಳು, ಮೂರನೆಯದು ದಿನಾಂಕ ಮತ್ತು ವೇಳೆ, ನಾಲ್ಕನೆಯದು ಸಿಪಿಯು ಸಂಖ್ಯೆ. ನಾಲ್ಕನೆಯ ಸ್ಥಾನದಲ್ಲಿ ‘-1’ ಎಂದಿದ್ದರೆ ಗಾಬರಿ ಬೇಡ. ‘ಎಲ್ಲ ಸಿಪಿಯುಗಳೂ ಸೇರಿ’ ಎಂದು ಅದರರ್ಥ. ಐದರಿಂದ ಹತ್ತರವರೆಗೆ ಮೇಲೆ ಹೇಳಿದ ಆರು ಶೇಕಡಾವಾರುಗಳು. ಡಿಸ್ಕ್ ಕಾಯುವಿಕೆ ಎಂಟನೆಯದು, ಬಿಡುವು ಹತ್ತನೆಯದು.

ಇನ್ನು ರೇಖೆ ಎಳೆಯುವ ಕೆಲಸ ‘ಗ್ನೂಪ್ಲಾಟ್’ನದು. ಥಾಮಸ್ ವಿಲಿಯಮ್ಸ್ ಮತ್ತು ಕಾಲಿನ್ ಕೆಲ್ಲಿ 1986ರಲ್ಲಿ ಆರಂಭಿಸಿದ ಈ ತಂತ್ರಾಂಶಕ್ಕೂ ಗ್ನೂ ಯೋಜನೆಗೂ ಹೆಸರಿನ ಸಾಮ್ಯ ಬಿಟ್ಟರೆ ಸಂಬಂಧವಿಲ್ಲ. ಅದಕ್ಕೆ ನಾಲ್ಕು ಸಂಗತಿ ತಿಳಿಸಬೇಕು: ಅಂಕಣಗಳ ನಡುವಿನ ಚಿಹ್ನೆ ಅರ್ಧವಿರಾಮ, ಅಡ್ಡ ಅಕ್ಷದಲ್ಲಿರುವುದು ಕಾಲ, ಆ ಕಾಲವನ್ನು ಬರೆದಿರುವ ಕ್ರಮ ವರ್ಷ-ತಿಂಗಳು-ದಿನ ಗಂಟೆ:ನಿಮಿಷ:ಸೆಕೆಂಡು, ಮತ್ತು ಎಳೆಯಬೇಕಾದದ್ದು ಮೂರನೆಯ ಅಂಕಣಕ್ಕೆ ಎದುರಾಗಿ ಎಂಟನೆಯ ಅಂಕಣ. ಕಡತದ ತಲೆಸಾಲು ‘#’ ಗುರುತಿನಿಂದ ಆರಂಭವಾಗುವುದರಿಂದ ಗ್ನೂಪ್ಲಾಟ್ ಅದನ್ನು ತಾನಾಗಿಯೇ ಬಿಟ್ಟುಬಿಡುತ್ತದೆ. ಈ ಸೂಚನೆಗಳನ್ನು ಒಂದು ಪುಟ್ಟ ಕಡತದಲ್ಲಿ ಬರೆದಿಟ್ಟುಕೊಂಡರೆ ಮುಂದೆ ತಾರೀಖು ಬದಲಿಸಿದರೆ ಸಾಕು.

ಚಿತ್ರ ಬೇಕಾದರೆ ಪಿಎನ್‌ಜಿ ರೂಪದಲ್ಲಿ ಪಡೆಯಬಹುದು. ಚಿತ್ರ ತೋರಿಸುವ ಸೌಕರ್ಯವೇ ಇಲ್ಲದ ಸರ್ವರ್‌ನ ಮುಂದೆ ಕುಳಿತವರು, ಅಥವಾ ಮನೆಯಿಂದ ಮೊಬೈಲ್ ಸಂಪರ್ಕದ ಮೂಲಕ ಲಾಗಿನ್ ಆದವರು ‘ಡಂಬ್’ ಎಂಬ ಟರ್ಮಿನಲ್ ಆರಿಸಿಕೊಳ್ಳಬಹುದು. ಆಗ ಗ್ನೂಪ್ಲಾಟ್ ನಕ್ಷತ್ರ, ಗೆರೆ ಮುಂತಾದ ಅಕ್ಷರ ಚಿಹ್ನೆಗಳಿಂದಲೇ ಕಪ್ಪು ಪರದೆಯ ಮೇಲೆ ಗ್ರಾಫ್ ಬಿಡಿಸುತ್ತದೆ. ನೋಟಕ್ಕೆ ರಂಗೋಲಿಯ ಚುಕ್ಕಿಗಳಂತಿರುವ ಇದು ಅಂದವಾಗಿಲ್ಲ, ನಿಜ. ಆದರೆ ಉಬ್ಬು ಎಲ್ಲಿದೆ ಎಂಬುದನ್ನು ಅರೆಕ್ಷಣದಲ್ಲಿ ತೋರಿಸುತ್ತದೆ, ಬೇಕಾಗಿರುವುದೂ ಅಷ್ಟೇ.

ಸಿಸ್‌ಸ್ಟ್ಯಾಟ್‌ನ ಇತ್ತೀಚಿನ ಆವೃತ್ತಿಗಳಲ್ಲಿ ಗ್ನೂಪ್ಲಾಟ್ ಕೂಡ ಅನಿವಾರ್ಯವಲ್ಲ. ಸ್ಯಾಡ್‌ಎಫ್‌ಗೆ ‘-ಜಿ’ ಕೊಟ್ಟರೆ ಅದೇ ಎಸ್‌ವಿಜಿ ರೂಪದ ಗ್ರಾಫ್‌ಗಳನ್ನು ಸಿದ್ಧಪಡಿಸುತ್ತದೆ. ಯಾವುದೇ ಬ್ರೌಸರ್‌ನಲ್ಲಿ ತೆರೆದು ನೋಡಬಹುದು. ಅವಸರಕ್ಕೆ ಇದು ಉತ್ತಮ. ಎರಡು ದಿನಗಳ ರೇಖೆಗಳನ್ನು ಒಂದರ ಮೇಲೊಂದಿಟ್ಟು ಹೋಲಿಸಬೇಕಾದಾಗ ಗ್ನೂಪ್ಲಾಟೇ ಮೇಲು.

ಐದೂವರೆ ಗಂಟೆಯ ಗೊಂದಲ

ಕಲ್ಪಿತ ಕಚೇರಿಗೆ ಮರಳೋಣ. 20ನೇ ತಾರೀಖಿನ ಗ್ರಾಫ್ ಬಂದಿದೆ. ಸಿಬ್ಬಂದಿ ದೂರಿದ್ದು 11 ಗಂಟೆಯ ಬಗ್ಗೆ. ಗ್ರಾಫ್‌ನ 11 ಗಂಟೆಯ ಬಳಿ ನೋಡಿದರೆ ರೇಖೆ ನೆಲ ಹಿಡಿದು ಮಲಗಿದೆ! ಬೆಳಗಿನ ಜಾವ ಐದೂವರೆಗೆ ಮಾತ್ರ, ಕಚೇರಿಯ ಬೀಗವೂ ತೆಗೆದಿರದ ಹೊತ್ತಿನಲ್ಲಿ, ಡಿಸ್ಕ್ ಕಾಯುವಿಕೆ ಶೇ 70ಕ್ಕೆ ಏರಿದೆ.

ಇದು ಭಾರತದ ಬಳಕೆದಾರರು ಮತ್ತೆ ಮತ್ತೆ ಬೀಳುವ ಗುಂಡಿ. ಸ್ಯಾಡ್‌ಎಫ್ ತಾನಾಗಿ ಕೊಡುವ ವೇಳೆ ಯುಟಿಸಿ, ಅಂದರೆ ಜಾಗತಿಕ ಪ್ರಮಾಣಿತ ಕಾಲ. ಭಾರತೀಯ ಕಾಲಮಾನ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಗ್ರಾಫ್‌ನ 5.30 ಎಂದರೆ ಬಸವೇಶ್ವರನಗರದ 11 ಗಂಟೆ. ದೊಡ್ಡಕ್ಷರದ ‘-ಟಿ’ ಕೊಟ್ಟರೆ ಸ್ಯಾಡ್‌ಎಫ್ ಯಂತ್ರದ ಸ್ಥಳೀಯ ವೇಳೆಯನ್ನೇ ಬಳಸುತ್ತದೆ.

ನಮ್ಮ ಉದಾಹರಣೆಯಲ್ಲಿ ‘-ಟಿ’ ಕೊಟ್ಟರೂ ಉಬ್ಬು ಕದಲುವುದಿಲ್ಲ. ಏಕೆಂದರೆ ಸ್ಥಾಪನೆಯ ವೇಳೆ ಕಾಲವಲಯದ ಆಯ್ಕೆ ಬಿಟ್ಟುಹೋಗಿ, ಸರ್ವರ್‌ನ ಗಡಿಯಾರವೇ ಯುಟಿಸಿಯಲ್ಲಿ ಉಳಿದುಬಿಟ್ಟಿದೆ. ಯಂತ್ರದ ದೃಷ್ಟಿಯಲ್ಲಿ ‘ಸ್ಥಳೀಯ’ ಎಂದರೂ ಅದೇ. ಈ ಸಂಗತಿ ತಿಳಿಯುತ್ತಿದ್ದಂತೆ ಇಡೀ ಒಗಟು ಬಿಡಿಸಿಕೊಳ್ಳುತ್ತದೆ. ಸಿಬ್ಬಂದಿ ಬರುವ ಮೊದಲೇ ಮುಗಿಯಲಿ ಎಂದು ಯಾರೋ ಒಮ್ಮೆ ಬೆಳಗಿನ 5.30ಕ್ಕೆ ಬ್ಯಾಕಪ್ ನಿಗದಿ ಮಾಡಿ ಹೋಗಿದ್ದರು. ಯುಟಿಸಿ ಗಡಿಯಾರದ ಯಂತ್ರ ಅದನ್ನು ಪ್ರತಿದಿನ ತಪ್ಪದೆ, ಬೆಳಿಗ್ಗೆ 11ಕ್ಕೆ ಸರಿಯಾಗಿ ಆರಂಭಿಸುತ್ತಿದೆ.

ಹಾಗಾದರೆ ಉಳಿದ ದಿನ ಯಾರೂ ದೂರಲಿಲ್ಲವೇಕೆ? 19ರ ಗ್ರಾಫನ್ನು 20ರದರ ಮೇಲಿಟ್ಟಾಗ ಉತ್ತರ ಸಿಗುತ್ತದೆ. ಅದೇ ಹೊತ್ತಿಗೆ 19ರಂದೂ ಉಬ್ಬಿದೆ, ಆದರೆ ಶೇ 40ರ ಆಸುಪಾಸಿನಲ್ಲಿ. ಅಂದು ಕಡತ ತೆರೆದವರು ಇಬ್ಬರೋ ಮೂವರೋ. ಕೊಂಚ ತಡವಾದುದನ್ನು ಗಮನಿಸದೆ ಕಾಫಿಗೆ ಎದ್ದು ಹೋಗಿರಬಹುದು. 20ರಂದು ಎಂಟೂ ಜನ ಒಟ್ಟಿಗೆ ಅದೇ ಡಿಸ್ಕ್‌ನ ಬಾಗಿಲು ತಟ್ಟಿದ್ದಾರೆ. ಜಾಲ ಸಂಪರ್ಕದ ಗ್ರಾಫ್‌ನಲ್ಲಿ ಆ ಹೊತ್ತಿಗೆ ವಿಶೇಷ ಏರಿಕೆ ಇಲ್ಲ. ಹೊಸ ಸಂಗತಿ ಏನೂ 20ರಂದು ನಡೆದಿರಲಿಲ್ಲ. ತಿಂಗಳಿಡೀ ಇದ್ದ ದೋಷ ಅಂದು ಹೊರಬಿತ್ತು, ಅಷ್ಟೇ.

ಮಾರಾಟಗಾರ ತೋರಿಸಿದ ಶೇ 96ರ ಮೆಮೊರಿ? ಲಿನಕ್ಸ್ ಖಾಲಿ ಮೆಮೊರಿಯನ್ನು ಸುಮ್ಮನೆ ಬಿಡುವುದಿಲ್ಲ. ಡಿಸ್ಕ್‌ನಿಂದ ಒಮ್ಮೆ ಓದಿದ್ದನ್ನು ಅಲ್ಲಿ ಇಟ್ಟುಕೊಂಡಿರುತ್ತದೆ. ಯಾವುದಾದರೂ ಕಾರ್ಯಕ್ರಮ ಕೇಳಿದ ಕೂಡಲೇ ತೆರವು ಮಾಡಿ ಕೊಡುತ್ತದೆ. ಆದ್ದರಿಂದ ‘ಬಳಕೆಯಲ್ಲಿದೆ’ ಎಂಬ ಅಂಕಣ ಸದಾ ದೊಡ್ಡದಾಗಿಯೇ ಕಾಣುತ್ತದೆ. ‘ಸಾರ್ -ಆರ್’ ವರದಿಯಲ್ಲಿ ನೋಡಬೇಕಾದುದು ‘ಕೆಬಿಅವೇಲ್’ ಎಂಬ ಅಂಕಣವನ್ನು, ಅಂದರೆ ನಿಜಕ್ಕೂ ಲಭ್ಯವಿರುವ ಮೊತ್ತವನ್ನು. ಅದರೊಡನೆ ದೊಡ್ಡಕ್ಷರದ ‘-ಡಬ್ಲ್ಯು’ ಕೊಟ್ಟು ಸ್ವಾಪ್ ಸಂಚಾರ ನೋಡಬೇಕು. ಲಭ್ಯ ಮೆಮೊರಿ ತಳ ಕಂಡು, ಸ್ವಾಪ್ ಪುಟಗಳು ನಿರಂತರ ಓಡಾಡುತ್ತಿದ್ದರೆ ಮಾತ್ರ ಮೆಮೊರಿ ಕೊಳ್ಳುವ ಮಾತು. ನಮ್ಮ ಕಚೇರಿಯಲ್ಲಿ ಎರಡೂ ಇಲ್ಲ.

ರೇಖೆಯೂ ದಾರಿ ತಪ್ಪಿಸಬಲ್ಲದು

ಹತ್ತು ನಿಮಿಷದ ದಾಖಲೆಯೂ ಒಂದು ಸರಾಸರಿಯೇ. ಒಂದು ನಿಮಿಷ ಸಿಪಿಯು ಶೇ 100 ಓಡಿ, ಉಳಿದ ಒಂಬತ್ತು ನಿಮಿಷ ಶೇ 10ರಲ್ಲಿದ್ದರೆ ಗ್ರಾಫ್‌ನಲ್ಲಿ ಕಾಣುವುದು ಶೇ 19. ನಿಮಿಷಾರ್ಧದ ಸ್ತಂಭನಗಳು ಇದರಲ್ಲಿ ಸಿಕ್ಕಿಬೀಳುವುದಿಲ್ಲ. ಅಂಥ ದೂರಿದ್ದರೆ ಟೈಮರ್‌ನ ಅವಧಿಯನ್ನು ಒಂದೆರಡು ನಿಮಿಷಕ್ಕೆ ಇಳಿಸಬೇಕು. ಕಡತ ದೊಡ್ಡದಾಗುತ್ತದೆ, ಇಂದಿನ ಡಿಸ್ಕ್‌ಗಳಿಗೆ ಅದು ಲೆಕ್ಕಕ್ಕಿಲ್ಲ.

ಡಿಸ್ಕ್ ಕಾಯುವಿಕೆಯ ಅಂಕಿಯನ್ನು ಓದುವಾಗಲೂ ಎಚ್ಚರ ಬೇಕು. ಅದು ಸಿಪಿಯು ಬಿಡುವಾಗಿದ್ದು, ಡಿಸ್ಕ್ ಕೆಲಸ ಬಾಕಿ ಇದ್ದ ಸಮಯದ ಪ್ರಮಾಣ. ಕೋರ್‌ಗಳ ಸಂಖ್ಯೆ ಹೆಚ್ಚಿದಂತೆ ಅದು ತಗ್ಗಿ ಕಾಣುತ್ತದೆ. ನಾಲ್ಕು ಕೋರ್‌ಗಳ ಯಂತ್ರದಲ್ಲಿ ಒಂದೇ ಕಾರ್ಯಕ್ರಮ ಡಿಸ್ಕ್‌ಗಾಗಿ ಪೂರ್ತಿ ಕಾದು ನಿಂತರೂ ಶೇ 25ರ ಮೇಲೇರುವುದಿಲ್ಲ. ಹದಿನಾರು ಕೋರ್ ಇದ್ದರೆ ಶೇ 6ರ ಸುಮಾರು. ಆದ್ದರಿಂದ ‘-ಡಿ’ ವರದಿಯಲ್ಲಿ ಡಿಸ್ಕ್‌ನ ಪ್ರತಿಕ್ರಿಯಾ ಸಮಯವನ್ನೂ ಜೊತೆಗೆ ನೋಡುವುದು ಒಳಿತು. ಲೋಡ್ ಸರಾಸರಿಯದೂ ಇದೇ ಕಥೆ. ಒಂದು ಕೋರ್‌ನ ಯಂತ್ರದಲ್ಲಿ 4 ಎಂಬುದು ನೂಕುನುಗ್ಗಲು. ಎಂಟು ಕೋರ್‌ನ ಯಂತ್ರದಲ್ಲಿ ಅದು ನಿರಾಳ. ಲಿನಕ್ಸ್‌ನಲ್ಲಿ ಡಿಸ್ಕ್‌ಗಾಗಿ ಕಾದಿರುವ ಕಾರ್ಯಗಳೂ ಆ ಎಣಿಕೆಗೆ ಸೇರುತ್ತವೆ.

ವಿದ್ಯುತ್ ಕಡಿತವಾಗಿ ಯುಪಿಎಸ್ ಕೈಕೊಟ್ಟರೆ ಯಂತ್ರ ಮತ್ತೆ ಎದ್ದಾಗ ‘ಲಿನಕ್ಸ್ ರೀಸ್ಟಾರ್ಟ್’ ಎಂಬ ಸಾಲು ದಾಖಲಾಗುತ್ತದೆ. ಯಾವಾಗ ಯಂತ್ರ ಮರುಚಾಲನೆಯಾಯಿತು ಎಂಬುದಕ್ಕೆ ಇದು ಒಳ್ಳೆಯ ಸಾಕ್ಷ್ಯ. ಆದರೆ ಗ್ರಾಫ್ ಎಳೆಯುವ ತಂತ್ರಾಂಶ ಆ ಖಾಲಿ ಅವಧಿಯ ಎರಡು ತುದಿಗಳನ್ನು ನೇರ ಗೆರೆಯಿಂದ ಜೋಡಿಸಿಬಿಟ್ಟರೆ, ಯಂತ್ರ ಆರಿದ್ದ ಹೊತ್ತಿನಲ್ಲೂ ಸಲೀಸಾಗಿ ಓಡುತ್ತಿದ್ದಂತೆ ಕಾಣುತ್ತದೆ. ಗೆರೆಗಳ ಬದಲು ಬಿಡಿ ಚುಕ್ಕಿಗಳಿಂದ ಗ್ರಾಫ್ ಬಿಡಿಸಿದರೆ ಈ ಮೋಸ ತಪ್ಪುತ್ತದೆ.

ಕಡತವನ್ನು ಬೇರೊಂದು ಯಂತ್ರಕ್ಕೆ ಒಯ್ದು ತೆರೆಯಹೊರಟಾಗ ‘ಅಸಿಂಧು ಕಡತ’ ಎಂಬರ್ಥದ ಸಂದೇಶ ಬರುವುದುಂಟು. ಎರಡೂ ಕಡೆ ಸಿಸ್‌ಸ್ಟ್ಯಾಟ್‌ನ ಆವೃತ್ತಿ ಬೇರೆಯಾಗಿರುವುದು ಕಾರಣ. ಹಳೆಯ ಕಡತವನ್ನು ಹೊಸ ರೂಪಕ್ಕೆ ತರಲು ಸ್ಯಾಡ್‌ಎಫ್‌ನಲ್ಲಿ ‘-ಸಿ’ ಆಯ್ಕೆಯಿದೆ.

ಇನ್ನೊಂದು ಮಿತಿ: ಯಾವ ಹೊತ್ತಿಗೆ, ಯಾವ ಸಂಪನ್ಮೂಲದ ಮೇಲೆ ಒತ್ತಡವಿತ್ತು ಎಂಬುದನ್ನಷ್ಟೇ ಈ ಕಡತಗಳು ಹೇಳುತ್ತವೆ. ಯಾವ ಕಾರ್ಯಕ್ರಮದಿಂದ ಎಂದು ಹೇಳುವುದಿಲ್ಲ. ಅದಕ್ಕೆ ಆ ಹೊತ್ತಿನಲ್ಲಿಯೇ ‘ಪಿಡ್‌ಸ್ಟ್ಯಾಟ್’ ಓಡಿಸಬೇಕು, ಇಲ್ಲವೇ ನಮ್ಮ ಉದಾಹರಣೆಯಲ್ಲಿರುವಂತೆ ಕ್ರಾನ್ ಪಟ್ಟಿಯನ್ನು ತೆರೆದು ಗ್ರಾಫ್‌ನ ವೇಳೆಗೆ ಹೊಂದುವ ಸಾಲನ್ನು ಹುಡುಕಬೇಕು. ಸಿಬ್ಬಂದಿ ಯಾವ ಕಡತ ತೆರೆದರು, ಏನು ಬರೆದರು ಎಂಬ ವಿವರವೂ ಇದರಲ್ಲಿಲ್ಲ. ಆದ್ದರಿಂದ ಗ್ರಾಹಕರ ಗೋಪ್ಯ ಮಾಹಿತಿ ಹೊರಹೋಗುವ ಭೀತಿಯಿಲ್ಲದೆ ಈ ಗ್ರಾಫನ್ನು ಹೊರಗಿನ ತಜ್ಞರಿಗೆ ಕಳುಹಿಸಬಹುದು.

ಬೇರೆ ದಾರಿಗಳು

ಗ್ರಾಫ್ ಬಿಡಿಸುವ ತಂತ್ರಾಂಶಗಳಿಗೇನೂ ಕೊರತೆಯಿಲ್ಲ. ಟೋಬಿಯಾಸ್ ಓಟಿಕರ್ ಅವರ ‘ಎಂಆರ್‌ಟಿಜಿ’ 1990ರ ದಶಕದಿಂದಲೇ ಜಾಲ ಸಂಪರ್ಕದ ಗ್ರಾಫ್‌ಗಳಿಗೆ ಹೆಸರಾಗಿತ್ತು. ಸಾರ್ ಕಡತಗಳನ್ನು ಕಿಟಕಿಯೊಳಗೆ ತೋರಿಸುವ, ಜಾವಾದಲ್ಲಿ ಬರೆದ ‘ಕೆಸಾರ್’ ಇದೆ. ನೂರಾರು ಸರ್ವರ್‌ಗಳಿರುವ ಸಂಸ್ಥೆಗಳಲ್ಲಿ ಇಂದು ‘ಪ್ರೊಮಿಥಿಯಸ್’ ಮತ್ತು ‘ಗ್ರಫಾನಾ’ ಜೋಡಿಯ ಬಳಕೆ ವ್ಯಾಪಕ. ಅಲ್ಲಿ ಎಲ್ಲ ಯಂತ್ರಗಳ ರೇಖೆಗಳೂ ಒಂದೇ ಪುಟದಲ್ಲಿ ಸದಾ ಜೀವಂತ. ಆದರೆ ಅದನ್ನು ನಡೆಸಲು ಮತ್ತೊಂದು ಯಂತ್ರ, ನೋಡಿಕೊಳ್ಳಲು ಒಬ್ಬರು ಬೇಕು. ಮೂಲೆಯಲ್ಲಿ ಒಂದೇ ಸರ್ವರ್ ಇರುವ ಕಚೇರಿಗೆ ಅದು ಅತಿಯಾದೀತು. ವಿಂಡೋಸ್ ಸರ್ವರ್ ಇಟ್ಟುಕೊಂಡವರಿಗೆ ಆಜ್ಞಾಸಾಲಿನ ‘ಟೈಪ್‌ಪರ್ಫ್’ ಇದೇ ಬಗೆಯ ಅಂಕಿಗಳನ್ನು ಅಲ್ಪವಿರಾಮಗಳಿಂದ ಬೇರ್ಪಡಿಸಿ ಕೊಡುತ್ತದೆ.

ಕಲ್ಪಿತ ಕಚೇರಿಯಲ್ಲಿ ಉಳಿದಿರುವುದು ಬ್ಯಾಕಪ್‌ನ ವೇಳೆ ಬದಲಿಸುವ ಕೆಲಸ. ಗಡಿಯಾರವನ್ನು ‘ಟೈಮ್‌ಡೇಟ್‌ಸಿಟಿಎಲ್’ ಆಜ್ಞೆಯಿಂದ ಭಾರತೀಯ ಕಾಲವಲಯಕ್ಕೆ ತಂದು, ಕ್ರಾನ್ ಸೇವೆಯನ್ನು ಮರುಚಾಲನೆ ಮಾಡಿದರೆ 5.30 ಎಂಬುದು ನಿಜಕ್ಕೂ ಬೆಳಗಿನ 5.30 ಆಗುತ್ತದೆ. ಆದರೆ ಅದಕ್ಕೂ ಮೊದಲು ಹಿಂದಿನ ಒಂದು ವಾರದ ಗ್ರಾಫ್‌ಗಳನ್ನು ಇನ್ನೊಮ್ಮೆ ನೋಡುವುದು ಲೇಸು. ರಾತ್ರಿ ಎಂಟರಿಂದ ಬೆಳಿಗ್ಗೆ ಒಂಬತ್ತೂವರೆಯವರೆಗೆ ಚುಕ್ಕಿಗಳೇ ಇಲ್ಲದೆ, ಪ್ರತಿದಿನ ಬೆಳಿಗ್ಗೆ ‘ಲಿನಕ್ಸ್ ರೀಸ್ಟಾರ್ಟ್’ ಸಾಲು ಕಂಡರೆ, ಹೊರಡುವಾಗ ಯಾರೋ ಮೇನ್ ಸ್ವಿಚ್ ಆರಿಸಿ ಹೋಗುತ್ತಿದ್ದಾರೆ ಎಂದರ್ಥ. ಅಂಥಲ್ಲಿ ಬೆಳಗಿನ ಜಾವಕ್ಕೆ ನಿಗದಿಯಾದ ಬ್ಯಾಕಪ್ ಎಂದೂ ನಡೆಯುವುದಿಲ್ಲ. ಸಿಬ್ಬಂದಿ ಕೆಲಸ ಮುಗಿಸುವ ಹೊತ್ತಿಗೆ, ಸಂಜೆ ಏಳಕ್ಕೆ ಅದನ್ನು ಆರಂಭಿಸುವಂತೆ ಮಾಡಿ, ಸ್ವಿಚ್ ಆರಿಸುವವರಿಗೆ ಎಂಟರವರೆಗೆ ಕಾಯಲು ಹೇಳಬೇಕಾಗುತ್ತದೆ.